ಹೆಸರಿಲ್ಲದ ಬಾಧೆ

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಹದಿನೈದು ದಿನವಿರುವಾಗ, ಎಂಟು ವರ್ಷ ಭರತನಾಟ್ಯ ಕಲಿತಿದ್ದ ವಿದ್ಯಾರ್ಥಿನಿಯೊಬ್ಬಳು ನೃತ್ಯದಿಂದ ತನ್ನ ಹೆಸರನ್ನು ತೆಗೆಯಬೇಕೆಂದು ಬೇಡಿಕೊಂಡಳು. ಮೊದಲು ಕಾಲುನೋವೆಂದಳು; ಮರುದಿನ ಪರೀಕ್ಷೆಯ ಭಯವೆಂದಳು. ಮೂರನೆಯ ದಿನ, ಅಧ್ಯಾಪಕಿಯರ ಕೊಠಡಿಯಲ್ಲಿ ಬೇರಾರೂ ಇಲ್ಲದ ವೇಳೆ, ತಲೆ ತಗ್ಗಿಸಿ, "ನೆಗೆದು ಇಳಿಯುವಾಗ ಬಟ್ಟೆ ಒದ್ದೆಯಾಗುತ್ತದೆ, ಮೇಡಂ" ಎಂದಳು. ಅವಳಿಗಿನ್ನೂ ಹತ್ತೊಂಬತ್ತು ವರ್ಷ.

ಕನ್ನಡ ಕಲಿಸುವುದನ್ನೇ ವೃತ್ತಿಯಾಗಿಸಿಕೊಂಡ ನನಗೆ ಆಗ ಒಂದು ಮಾತೂ ದೊರೆಯಲಿಲ್ಲ. ಮೂತ್ರವಿಸರ್ಜನೆಗೆ ನಮ್ಮಲ್ಲಿ 'ಜಲಬಾಧೆ' ಎಂಬ ಸಭ್ಯ ಪದವುಂಟು. ಮಕ್ಕಳಿಗೆ 'ಒಂದಕ್ಕೆ' ಉಂಟು. ಬೇಡದ ಹೊತ್ತಿನಲ್ಲಿ ತಾನಾಗಿ ಸೋರುವುದಕ್ಕೆ ಮಾತ್ರ ಸಂಕೋಚವಿಲ್ಲದೆ ಆಡಬಹುದಾದ ಹೆಸರಿಲ್ಲ. ವೈದ್ಯರು 'ಸ್ಟ್ರೆಸ್ ಇನ್‌ಕಾಂಟಿನೆನ್ಸ್' ಎನ್ನುತ್ತಾರೆ. 'ಸ್ಟ್ರೆಸ್' ಎಂದೊಡನೆ ನಾವು ಮನಸ್ಸಿನ ಒತ್ತಡವೆಂದು ಬಗೆದು, ಹೆದರಬೇಡವೆಂದು ಹುಡುಗಿಗೆ ಬುದ್ಧಿ ಹೇಳುತ್ತೇವೆ. ಇಲ್ಲಿನ ಒತ್ತಡ ಮನಸ್ಸಿನದಲ್ಲ, ಹೊಟ್ಟೆಯದು. ನೆಗೆದು ನೆಲಕ್ಕಿಳಿದ ಕ್ಷಣದಲ್ಲಿ ಅದು ಮೂತ್ರಕೋಶವನ್ನು ಅದುಮುತ್ತದೆ. ಕೆಳಗಿನಿಂದ ಹೊತ್ತು ನಿಲ್ಲುವ ಸ್ನಾಯುಗಳ ಬಲ ಸಾಲದಿದ್ದರೆ ಮೂತ್ರ ಹನಿಯುತ್ತದೆ.

ಇದು ಹೆತ್ತವರ, ವಯಸ್ಸಾದವರ ತೊಂದರೆಯೆಂಬುದು ರೂಢಿಯ ನಂಬಿಕೆ. ಆದರೆ ಅಮೆರಿಕದಲ್ಲಿ, ಹೆರಿಗೆ ಕಾಣದ 144 ಕಾಲೇಜು ಆಟಗಾರ್ತಿಯರನ್ನು ವಿಚಾರಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಡುವಾಗ ಹೀಗಾಗುವುದುಂಟೆಂದವರು ನೂರಕ್ಕೆ 28 ಮಂದಿ. 2002ರ ಡೆನ್ಮಾರ್ಕಿನ ಅಧ್ಯಯನದಲ್ಲಿ, ಬ್ಯಾಲೆ ನರ್ತಕಿಯರೂ ಸೇರಿದಂತೆ 291 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಈ ಅನುಭವವಿತ್ತು. ಅವರ ಸರಾಸರಿ ವಯಸ್ಸು 23ನ್ನೂ ಮುಟ್ಟಿರಲಿಲ್ಲ.

ಪರಿಹಾರವೂ ಹೊಸದಲ್ಲ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಈ ಸ್ನಾಯುಗಳಿಗೆ ವ್ಯಾಯಾಮವನ್ನು ಸೂಚಿಸಿದರು. ಮೂತ್ರವನ್ನು ತಡೆಯುವಾಗ ಬಿಗಿಯುವ ಸ್ನಾಯುಗಳನ್ನೇ ಬಿಗಿದು, ಕೆಲವು ಕ್ಷಣ ಹಿಡಿದು, ಪೂರ್ತಿ ಸಡಿಲಿಸುವುದು. ಹೀಗೆ ದಿನವೂ, ಕೆಲವು ತಿಂಗಳು. ಬಲ್ಲ ಫಿಸಿಯೋಥೆರಪಿಸ್ಟರಿಂದ ಕಲಿತರೆ ಒಳಿತು. ಇದನ್ನರಿಯದ ನನ್ನ ವಿದ್ಯಾರ್ಥಿನಿ, ಅಭ್ಯಾಸದ ದಿನ ನೀರು ಕುಡಿಯದಿರುವುದನ್ನೇ ಎರಡು ವರ್ಷದಿಂದ ಮದ್ದೆಂದು ನಂಬಿದ್ದಳು. ವಾರ್ಷಿಕೋತ್ಸವದ ಸಂಜೆ ಗೆಳತಿಯರು ಕುಣಿಯುತ್ತಿದ್ದಾಗ ಅವಳು ಪಕ್ಕದಲ್ಲಿ ನಿಂತು ಪರದೆ ಎಳೆಯುತ್ತಿದ್ದಳು.

ಗೆಜ್ಜೆ ಕಟ್ಟಿಸುವ ಗುರುಗಳೂ ಮೈದಾನದ ಶಿಕ್ಷಕರೂ ಕಾಲಿನ ಉಳುಕನ್ನು ವಿಚಾರಿಸುವಷ್ಟೇ ಸಹಜವಾಗಿ ಇದನ್ನೂ ವಿಚಾರಿಸಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕಾಗಿ ಹೊಸ ಪಾರಿಭಾಷಿಕ ಪದ ಹುಟ್ಟಲೆಂದು ಕಾಯಬೇಕಾಗಿಲ್ಲ. "ನೆಗೆದಾಗ ಮೂತ್ರ ಸೋರುತ್ತದೆಯೇನಮ್ಮಾ?" ಎಂದು ಕೇಳಿದರೆ ಸಾಕು. ಅಷ್ಟು ಕನ್ನಡ ನಮ್ಮೆಲ್ಲರಿಗೂ ಬರುತ್ತದೆ.