ಬುತ್ತಿ ಕಟ್ಟುವವಳಿಗೂ ಒಂದು ದಿನ

ಡಿಸೆಂಬರ್ ಬಂತೆಂದರೆ ನಮ್ಮ ಕೋಲಾರದ ಕಡೆಯ ಮನೆಗಳಲ್ಲಿ ಎರಡು ಸಂಗತಿಗಳು ಒಟ್ಟಿಗೇ ಶುರುವಾಗುತ್ತವೆ. ಒಂದು ಅವರೆಕಾಯಿ, ಇನ್ನೊಂದು 'ಈ ಭಾನುವಾರ ಎಲ್ಲಿಗೆ ಹೋಗೋಣ?' ಎಂಬ ಮಕ್ಕಳ ಪ್ರಶ್ನೆ.

ಇಬ್ಬನಿ ಬಿದ್ದ ಅವರೆಕಾಯಿಯ ಸೊಗಡು ಬೇರೆ ಊರಿನವರಿಗೆ ಹೇಳಿ ತಿಳಿಸುವುದು ಕಷ್ಟ. ನಮ್ಮ ವಕ್ಕಲೇರಿಯಲ್ಲಿ ಚಳಿಗಾಲದ ಸಂಜೆ ಜಗಲಿಯ ಮೇಲೆ ಕಾಯಿ ರಾಶಿ ಹಾಕಿಕೊಂಡು ಕುಳಿತರೆ ಅಕ್ಕಪಕ್ಕದ ಹೆಂಗಸರೆಲ್ಲ ಬಂದು ಸೇರುತ್ತಾರೆ. ಸುಲಿದ ಕಾಳನ್ನು ನೀರಲ್ಲಿ ನೆನೆಸಿ ಬೆರಳುಗಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಜಾರುತ್ತದೆ. ಹಿದುಕಿದ ಬೇಳೆಗೆ ಕೈ ಬಹಳ ಬೇಕು. ಕೈ ಕೂಡಿದಲ್ಲಿ ಮಾತೂ ಕೂಡುತ್ತದೆ. ಪಕ್ಕದ ಮನೆಯ ಗೌಡರ ಅಕ್ಕ ಹೊಲದ ಮಾತು ತೆಗೆದರೆ ನಮ್ಮ ಅತ್ತೆ ಹಳೆಯ ಮದುವೆಗಳ ಕತೆ ತೆಗೆಯುತ್ತಾರೆ. ನಗು ಬೀದಿಯ ಕೊನೆಯವರೆಗೂ ಕೇಳಿಸುತ್ತದೆ.

ಅಂಥದೇ ಒಂದು ಸಂಜೆ ನನ್ನ ಸಣ್ಣ ಮಗಳು ಕೇಳಿದ ಮಾತಿನಿಂದ ಈ ಲೇಖನ ಹುಟ್ಟಿತು.

ಪ್ರತಿ ಚಳಿಗಾಲದಲ್ಲೂ ನಮ್ಮ ಮೂರು ಮನೆಯವರು ಸೇರಿ ಟೆಂಪೋ ಮಾಡಿಕೊಂಡು ಅಂತರಗಂಗೆಗೆ ಹೋಗುತ್ತೇವೆ. ಕೋಲಾರ ಪಟ್ಟಣದ ಪಕ್ಕದಲ್ಲೇ ಶತಶೃಂಗ ಬೆಟ್ಟಗಳ ಸಾಲು. ಮೆಟ್ಟಿಲು ಹತ್ತಿ ಹೋದರೆ ಕಲ್ಲಿನ ಬಸವನ ಬಾಯಿಂದ ಹರಿಯುವ ನೀರು, ಅದರಾಚೆ ಬಂಡೆಗಳು, ಗುಹೆಗಳು. ಮಗಳು ಅತ್ತೆಯನ್ನು ಕೇಳಿದಳು: "ದಾದಿ, ಗುಹೆಯೊಳಗೆ ತುಂಬಾ ಕತ್ತಲೆಯಾ? ನಿಮಗೆ ಭಯ ಆಗಲಿಲ್ವಾ?"

ಅತ್ತೆ ಕಾಳು ಹಿದುಕುತ್ತಲೇ ಹೇಳಿದರು: "ನನಗೇನು ಗೊತ್ತು ಬೇಟಾ. ನಾನು ಮೇಲಕ್ಕೆ ಹೋಗೇ ಇಲ್ಲ."

ನಮಗೆಲ್ಲ ಆಶ್ಚರ್ಯವಾಯಿತು. ಅತ್ತೆ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅಂತರಗಂಗೆಗೆ ಹೋಗುತ್ತಿದ್ದಾರೆ. ಮೊದಲು ಸೈಕಲ್, ಬಸ್ಸಿನ ಕಾಲ, ಈಗ ಟೆಂಪೋ. ಮೂವತ್ತು ವರ್ಷಕ್ಕೂ ಹೆಚ್ಚು! ಆದರೆ ಅಷ್ಟೂ ವರ್ಷ ಅವರು ಬೆಟ್ಟದ ಬುಡದಲ್ಲಿ ಜಮಖಾನ ಹಾಸಿ ಕುಳಿತಿದ್ದರು. ಚೀಲ ಕಾದರು, ಕೋತಿ ಓಡಿಸಿದರು, ತೊಟ್ಟಿಲ ಕೂಸುಗಳನ್ನು ಮಲಗಿಸಿದರು. ಇಳಿದು ಬಂದವರಿಗೆ ತಟ್ಟೆ ಹಾಕಿದರು. ಎಲ್ಲರೂ ಬೆಟ್ಟ ನೋಡಿದರು, ಅತ್ತೆ ಚಪ್ಪಲಿಗಳನ್ನು ನೋಡಿಕೊಂಡರು.

ಅವರೇನೂ ದೂರುವ ದನಿಯಲ್ಲಿ ಹೇಳಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು. ಯಾಕೆಂದರೆ ನಾನೂ ಈಗ ಅದೇ ಜಮಖಾನದ ಮೇಲೆ ಕುಳಿತುಕೊಳ್ಳಲು ಶುರು ಮಾಡಿದ್ದೆ.

ಸಹೋದರಿಯರೇ, ನಿಮ್ಮ ಮನೆಯ ಪಿಕ್ನಿಕ್ ಒಮ್ಮೆ ನೆನಪಿಸಿಕೊಳ್ಳಿ. ಹಿಂದಿನ ರಾತ್ರಿ ಈರುಳ್ಳಿ ಹೆಚ್ಚಿ ಮಲಗುವುದು ತಡ. ಫಜ್ರ್ ನಮಾಝಿಗೆ ಮೊದಲೇ ಎದ್ದು ಅನ್ನ, ಚಟ್ನಿ, ಬೋಂಡ. ಮಕ್ಕಳಿಗೆ ಸ್ವೆಟರ್, ಕುಲಾವಿ. ಹೋದಲ್ಲಿ ಬಡಿಸುವುದು, ಬಂದ ಮೇಲೆ ಪಾತ್ರೆ ತೊಳೆಯುವುದು. ಅಡುಗೆಮನೆಯನ್ನೇ ಚೀಲದಲ್ಲಿ ತುಂಬಿಕೊಂಡು ಹೋದಂತೆ! ಮನೆಯವರಿಗೆ ಅದು ರಜೆ. ಬುತ್ತಿ ಕಟ್ಟಿದವಳಿಗೆ ಅದು ಎರಡು ಪಟ್ಟು ಕೆಲಸದ ದಿನ.

ನಮ್ಮ ದೀನ್ ಹೀಗೆ ಕಲಿಸಿದೆಯೇ? ಪ್ರವಾದಿ(ಸ)ಯವರು ಒಂದು ಪ್ರಯಾಣದಲ್ಲಿ ಜೊತೆಗಿದ್ದವರನ್ನು ಮುಂದೆ ಹೋಗಲು ಹೇಳಿ ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಆಡಿದ್ದರು. ಆಗ ಗೆದ್ದವರು ಆಯಿಶಾ(ರ). ಕೆಲವು ಕಾಲದ ನಂತರ ಮತ್ತೆ ಓಡಿದಾಗ ಪ್ರವಾದಿ(ಸ) ಗೆದ್ದು, ಅಂದಿನದಕ್ಕೆ ಇದು ಸರಿಹೋಯಿತೆಂದು ನಕ್ಕರು. ಅಬೂದಾವೂದ್ ಗ್ರಂಥದಲ್ಲಿ ಇದು ವರದಿಯಾಗಿದೆ. ಈದ್‌ನ ದಿನ ಮಸೀದಿಯ ಆವರಣದಲ್ಲಿ ಅಬಿಸೀನಿಯದವರು ಭರ್ಜಿಯ ಆಟ ಆಡುತ್ತಿದ್ದಾಗ, ಆಯಿಶಾ(ರ)ರಿಗೆ ನೋಡಿ ಸಾಕೆನಿಸುವವರೆಗೂ ಪ್ರವಾದಿ(ಸ) ಅವರಿಗೆ ಮರೆಯಾಗಿ ನಿಂತೇ ಇದ್ದರು. ಮನೆಯಲ್ಲಿ ಅವರೇನು ಮಾಡುತ್ತಿದ್ದರೆಂದು ಕೇಳಿದವರಿಗೆ ಆಯಿಶಾ(ರ) ಕೊಟ್ಟ ಉತ್ತರವೂ ನಮಗೆ ಗೊತ್ತು: ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝ್‌ನ ಹೊತ್ತಾದರೆ ಹೊರಡುತ್ತಿದ್ದರು. ಹೆಂಡತಿಯ ಸಂತೋಷಕ್ಕೆ ಸಮಯ ಕೊಡುವುದು ಸುನ್ನತ್ ಎಂಬುದನ್ನು ನಾವು ಜುಮಾದಲ್ಲಿ ಕೇಳುತ್ತೇವೆ, ಆದರೆ ಪಿಕ್ನಿಕ್‌ನ ದಿನ ಮರೆತುಬಿಡುತ್ತೇವೆ.

ಆ ರಾತ್ರಿ ನಮ್ಮ ಯಜಮಾನರಿಗೆ ವಿಷಯ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಚಿಕ್ಕಂದಿನಿಂದ ಹತ್ತಿದ್ದೇನೆ. ಅಮ್ಮಿ ಕೆಳಗೇ ಇದ್ದಾರೆಂದು ಒಂದು ದಿನವೂ ಹೊಳೆಯಲಿಲ್ಲ" ಎಂದರು.

ಆ ವರ್ಷ ನಾವು ಕ್ರಮ ಬದಲಾಯಿಸಿದೆವು. ಮೂರು ಮನೆಗೆ ಒಂದೇ ಅಡುಗೆ ಎಂದು ನಿಶ್ಚಯಿಸಿ, ಅವರೆಕಾಳಿನ ಪಲಾವ್ ಮತ್ತು ಮೊಸರುಬಜ್ಜಿ ಮಾಡಿದೆವು. ಬೆಟ್ಟದ ಮೇಲಿರುವುದು ನೆರೆಯವರ ದೇವಸ್ಥಾನ, ಆದ್ದರಿಂದ ಅಲ್ಲಿಗೆ ನಾವು ಮಾಂಸದ ಊಟ ಒಯ್ಯುವುದಿಲ್ಲ. ಅನ್ನ ಬೇಯಿಸುವುದು ಹೆಂಗಸರು, ಹೊರುವುದು, ಬಡಿಸುವುದು, ಪಾತ್ರೆ ತೊಳೆಯುವುದು ಗಂಡಸರು ಮತ್ತು ಹುಡುಗರು. ಚೀಲ ಕಾಯುವುದಕ್ಕೆ ಪಾಳಿ. ಮೊದಲ ಪಾಳಿ ನನ್ನ ಮೈದುನನದು. ಅವನು ಗೊಣಗಿದ. ಒಂದು ಗಂಟೆಯಲ್ಲಿ ಕೋತಿ ಎರಡು ಸಲ ಬಂತು, ಕೂಸು ಮೂರು ಸಲ ಅತ್ತಿತು. ಆಮೇಲೆ ಅವನು ಗೊಣಗಲಿಲ್ಲ, "ಭಾಭಿ, ಇದು ಹತ್ತುವುದಕ್ಕಿಂತ ಕಷ್ಟ" ಎಂದ.

ಅತ್ತೆಗೆ ಮಂಡಿನೋವು. ಗುಹೆಯವರೆಗೆ ಹೋಗುವ ಕಾಲ ದಾಟಿಹೋಗಿತ್ತು. ಇದನ್ನು ಬರೆಯುವಾಗ ಈಗಲೂ ನನಗೆ ಸಂಕಟವಾಗುತ್ತದೆ. ಹತ್ತು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ ಅವರು ಹೋಗಬಹುದಿತ್ತು. ಆದರೂ ಮಗನ ಭುಜ ಹಿಡಿದು, ಹತ್ತು ಮೆಟ್ಟಿಲಿಗೊಮ್ಮೆ ಕುಳಿತು, ನೀರು ಹರಿಯುವ ಜಾಗದವರೆಗೆ ಹತ್ತಿದರು. ತಿರುಗಿ ನೋಡಿದರೆ ಕೆಳಗೆ ಇಡೀ ಕೋಲಾರ. ಮಂಜು ಆಗ ತಾನೇ ಸರಿಯುತ್ತಿತ್ತು. ದೂರದಲ್ಲಿ ಕೆರೆಯೊಂದು ಹೊಳೆಯಿತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಬರಗಾಲದಲ್ಲಿ ಬಿಂದಿಗೆ ಹಿಡಿದು ಅಲೆದ ಅತ್ತೆಗೆ ಬೇರೇನೂ ಕಾಣಲಿಲ್ಲ. "ಸುಬ್‌ಹಾನಲ್ಲಾಹ್, ಎಷ್ಟು ನೀರು!" ಎಂದು ಅಲ್ಲೇ ಕುಳಿತುಬಿಟ್ಟರು. ಅರ್ಧ ಗಂಟೆ ಯಾರೂ ಅವರನ್ನು ಏಳಿಸಲಿಲ್ಲ.

ಇಳಿದು ಊಟ ಮಾಡಿ, ಝುಹ್ರ್ ನಮಾಝ್ ಮುಗಿಸಿ, ವಾಪಸಾಗುವಾಗ ಪಟ್ಟಣದ ಮಖ್ಬರಾಗೆ ಹೋದೆವು. ಹೈದರಲಿಯ ತಂದೆ ಫತೇ ಮುಹಮ್ಮದ್‌ರ ಗೋರಿ ಅಲ್ಲಿದೆ. 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಸಮೀಪ ಹೈದರಲಿ ತೀರಿಕೊಂಡಾಗ ಅವರ ದೇಹವನ್ನು ಮೊದಲು ಇಲ್ಲಿಗೇ ತಂದು, ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು. ಶಾಲೆಯಲ್ಲಿ ಕಲಿತ ಮಗಳು ಹೇಳುತ್ತಾ ಹೋದಳು, ದಾದಿ ಕೇಳುತ್ತಾ ಹೋದರು.

ಬಹಳ ಖರ್ಚು ಮಾಡಿ ದೂರ ಹೋಗಬೇಕೆಂದಿಲ್ಲ. ಹೈದರಲಿ ಹುಟ್ಟಿದ ಬೂದಿಕೋಟೆ ನಮ್ಮ ಜಿಲ್ಲೆಯಲ್ಲೇ ಇದೆ. ಇಷ್ಟು ಚಿಕ್ಕ ನಮ್ಮ ವಕ್ಕಲೇರಿಯಲ್ಲಿ ಸಿಕ್ಕಿದ ತಾಮ್ರಶಾಸನ ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನದು, ಕ್ರಿ.ಶ. 757ರದು. ಅವನ ತಂದೆ ಕಂಚಿಯನ್ನು ಗೆದ್ದರೂ ಊರನ್ನು ಹಾಳುಗೆಡವಲಿಲ್ಲ ಎಂದು ಅದರಲ್ಲಿದೆ. ನಿಮ್ಮ ಊರಿನ ಸುತ್ತಲೂ ಇಂಥದ್ದೇನಾದರೂ ಖಂಡಿತ ಇರುತ್ತದೆ. ಭೂಮಿಯಲ್ಲಿ ಸಂಚರಿಸಿ ಅಲ್ಲಾಹನ ಸೃಷ್ಟಿಯನ್ನು ನೋಡಿರೆಂದು ಪವಿತ್ರ ಕುರ್‌ಆನ್ ಕರೆ ಕೊಟ್ಟಿದೆ. ಆ ಕರೆ ಗಂಡಸರಿಗೆ ಮಾತ್ರ ಬಂದದ್ದಲ್ಲ.

ಈ ಚಳಿಗಾಲದಲ್ಲಿ ಹೊರಡುವ ಮುನ್ನ ಇಷ್ಟು ಮಾಡಿ. ಅಡುಗೆ ಒಂದೇ ಬಗೆಯದಿರಲಿ, ಕೆಲಸ ಹಂಚಿರಲಿ. ಬೀದಿಯಲ್ಲಿ ಒಂಟಿಯಾಗಿರುವ ಹೆಂಗಸಿದ್ದರೆ ಆಕೆಯ ಬಾಡಿಗೆಯ ಪಾಲು ಕೇಳದೆ ಜೊತೆಗೆ ಕರೆದುಕೊಳ್ಳಿ. ಪ್ಲಾಸ್ಟಿಕ್ ಕಸ ವಾಪಸು ತನ್ನಿ. ಚಳಿಗಾಲದ ಹಗಲು ಚಿಕ್ಕದು, ಅಸ್ರ್ ತಪ್ಪದಂತೆ ನೋಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಹಿರಿಯ ಹೆಂಗಸನ್ನು ಒಮ್ಮೆ ಕೇಳಿ: "ನೀವು ಮೇಲಕ್ಕೆ ಹೋಗಿದ್ದೀರಾ?"

ಅವರ ಮಂಡಿ ನೋಯಲು ಶುರುವಾಗುವ ಮೊದಲೇ ಕೇಳಿ.