ಬಾಗಿಲಾಚೆಯ ಮೊದಲ ವಾರ

'ಪ್ರಮಾದ' ಎಂಬ ಮಾತನ್ನು ನಾವು ಕನ್ನಡದಲ್ಲಿ ಬಹಳ ಅಗ್ಗವಾಗಿ ಬಳಸುತ್ತೇವೆ. ಅಚ್ಚಿನ ತಪ್ಪಿಗೂ ಅದೇ, ಲೆಕ್ಕದ ತಪ್ಪಿಗೂ ಅದೇ. ಸಂಸ್ಕೃತದಲ್ಲಿ ಅದು ಎಚ್ಚರಗೇಡಿತನವನ್ನು, ಮಾಡಬೇಕಾದುದನ್ನು ಮಾಡದೆ ಬಿಟ್ಟ ಮೈಮರವೆಯನ್ನು ಹೇಳುವ ಶಬ್ದ. ಅಪರಾಧಕ್ಕೆ ಒಬ್ಬ ಕರ್ತೃವಿರುತ್ತಾನೆ. ಅವನನ್ನು ಹಿಡಿದು ನಿಲ್ಲಿಸಬಹುದು. ಪ್ರಮಾದದಲ್ಲಿ ಎಷ್ಟೋ ವೇಳೆ ಕರ್ತೃವೇ ಸಿಕ್ಕುವುದಿಲ್ಲ. ಮಾನಸಿಕ ಕಾಯಿಲೆಯವರ ಚಿಕಿತ್ಸೆಯಲ್ಲಿ ಆಗುವ ತಪ್ಪುಗಳನ್ನೂ ಅವುಗಳಿಂದ ಕೆಲವೊಮ್ಮೆ ಸಂಭವಿಸುವ ಸಾವುಗಳನ್ನೂ ಕುರಿತು ಯೋಚಿಸುವಾಗ ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನನಗೆ ತೋರುತ್ತದೆ.

ಸಾಹಿತ್ಯದ ಪುಟದಲ್ಲಿ ಈ ವಿಷಯವೇಕೆ ಎಂದು ಕೇಳುವವರು ಇರಬಹುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕದ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಮಂದಿ. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಈ ಪುಟವನ್ನು ಓದುವವರು ಓದುವ ಮಕ್ಕಳು ಮತ್ತು ಅವರಿಗೆ ಪಾಠ ಹೇಳುವವರು. ಬೇರೆ ಸಮಾಧಾನ ಬೇಕಿಲ್ಲ. (ಇಂಥ ಸಾವಿನ ಲೆಕ್ಕ ಇಂದಿಗೂ ಅಪರಾಧದ ಕಡತದಲ್ಲಿಯೇ ಇದೆಯೆಂಬುದನ್ನು ವಾಚಕರು ಗಮನಿಸಬೇಕು. ಆ ಕಡತದಿಂದ ತೀರಿಕೊಂಡವರ ವಯಸ್ಸು, ಉದ್ಯೋಗ, ಊರು ತಿಳಿಯುತ್ತದೆ. ಅವರಲ್ಲಿ ಎಷ್ಟು ಮಂದಿ ಹಿಂದಿನ ವಾರವಷ್ಟೇ ಒಂದು ಆಸ್ಪತ್ರೆಯಿಂದ ಹೊರಬಂದಿದ್ದರು ಎಂಬುದು ತಿಳಿಯುವುದಿಲ್ಲ.)

ಮೊದಲು, ಕಣ್ಣಿಗೆ ಕಾಣುವ ತಪ್ಪುಗಳ ಮಾತು. ಲಿಥಿಯಂ ಎಂಬ ಔಷಧವಿದೆ. ಉನ್ಮಾದದ ಚಿಕಿತ್ಸೆಗೆ ಅದು ಉಪಯುಕ್ತವೆಂದು ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯರು 1949ರಲ್ಲಿ ತೋರಿಸಿಕೊಟ್ಟರು. ಉನ್ಮಾದ, ಖಿನ್ನತೆಗಳು ಸರದಿಯಂತೆ ಬರುವ ಕಾಯಿಲೆಯಲ್ಲಿ ಆತ್ಮಹತ್ಯೆಯನ್ನು ತಡೆಯುವ ಶಕ್ತಿ ಅದಕ್ಕಿದೆಯೆಂದು ವೈದ್ಯಲೋಕ ಬಹುಮಟ್ಟಿಗೆ ಒಪ್ಪಿದೆ. ಆದರೆ ಗುಣ ಕೊಡುವ ಪ್ರಮಾಣಕ್ಕೂ ಕೆಡುಕು ಮಾಡುವ ಪ್ರಮಾಣಕ್ಕೂ ನಡುವಣ ಅಂತರ ಬಹಳ ಕಿರಿದು. ಆಗಾಗ್ಗೆ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ವಾಂತಿ ಭೇದಿಯಾಗಿ ಮೈಯ ನೀರು ಇಂಗಿದರೆ, ಅಥವಾ ಔಷಧದಂಗಡಿಯಲ್ಲಿ ಕೇಳಿದ ಕೂಡಲೆ ಸಿಕ್ಕುವ ಕೆಲವು ನೋವಿನ ಮಾತ್ರೆಗಳನ್ನು ನುಂಗಿದರೆ, ರಕ್ತದಲ್ಲಿ ಅದರ ಪ್ರಮಾಣ ಏರಿಬಿಡುತ್ತದೆ. ಬರೆದುಕೊಟ್ಟ ವೈದ್ಯರು ಇದನ್ನು ಹೇಳದಿದ್ದರೆ, ಅಂಗಡಿಯವನು ಕೇಳದಿದ್ದರೆ, ರೋಗಿಗೆ ತಿಳಿಯದಿದ್ದರೆ, ತಪ್ಪು ಯಾರದು?

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದುದು. ಚಿತ್ತವಿಕಾರಕ್ಕೆ ಕೊಡುವ ಕೆಲವು ಔಷಧಗಳಿಂದ ರೋಗಿಗೆ ಕುಳಿತಲ್ಲಿ ಕೂರಲಾರದ, ನಿಂತಲ್ಲಿ ನಿಲ್ಲಲಾರದ ಒಂದು ತಳಮಳ ಹುಟ್ಟುತ್ತದೆ. ವೈದ್ಯರು ಅದನ್ನು ಅಕಥೀಸಿಯ ಎನ್ನುತ್ತಾರೆ. ಅನುಭವಿಸಿದವರಿಗೆ ಅದು ಕಾಯಿಲೆಗಿಂತ ಅಸಹನೀಯವಾಗಬಲ್ಲುದು. ನೋಡುವವರ ಕಣ್ಣಿಗೆ ಮಾತ್ರ ರೋಗವೇ ಉಲ್ಬಣಿಸಿದಂತೆ ಕಾಣುತ್ತದೆ. ಹಾಗೆಂದು ಬಗೆದು ಅದೇ ಔಷಧವನ್ನು ಹೆಚ್ಚಿಸಿದರೆ ಬೆಂಕಿಗೆ ತುಪ್ಪ ಎರೆದಂತೆ. ಖಿನ್ನತೆಯ ಮಾತ್ರೆಗಳ ವಿಷಯದಲ್ಲಿಯೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳನ್ನು ಕುರಿತು ಎಚ್ಚರಿಕೆಯನ್ನು ಕಡ್ಡಾಯ ಮಾಡಿ, 2007ರಲ್ಲಿ ಅದನ್ನು 24 ವಯಸ್ಸಿನ ತನಕ ವಿಸ್ತರಿಸಿತು. ಔಷಧವನ್ನು ನಿಲ್ಲಿಸಬೇಕೆಂಬುದು ಆ ಎಚ್ಚರಿಕೆಯ ಅರ್ಥವಲ್ಲ. ಹಾಗೆ ತಾವಾಗಿಯೇ ನಿಲ್ಲಿಸುವುದು ಇನ್ನೊಂದು ಅನಾಹುತ. ಮೊದಲ ಕೆಲವು ವಾರ ರೋಗಿಯನ್ನು ಹತ್ತಿರದಿಂದ ನೋಡಿಕೊಳ್ಳಬೇಕೆಂಬುದೇ ಅದರ ತಾತ್ಪರ್ಯ.

ಇವೆಲ್ಲಕ್ಕೂ ಪಠ್ಯಪುಸ್ತಕಗಳಲ್ಲಿ ಹೆಸರಿದೆ, ಪರಿಹಾರವಿದೆ. ನಾನು ಹೇಳಹೊರಟ ಪ್ರಮಾದಕ್ಕೆ ಹೆಸರೂ ಇಲ್ಲ. ಅದು ಆಗುವುದು ಆಸ್ಪತ್ರೆಯ ಬಾಗಿಲಲ್ಲಿ, ರೋಗಿಯನ್ನು ಮನೆಗೆ ಕಳುಹಿಸಿಕೊಡುವ ಹೊತ್ತಿನಲ್ಲಿ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1996ರಿಂದ ಒಂದು ವಿಚಾರಣೆ ನಡೆದುಕೊಂಡು ಬಂದಿದೆ. ಮಾನಸಿಕ ಚಿಕಿತ್ಸೆ ಪಡೆಯುತ್ತಿದ್ದವರು, ಅಥವಾ ಹಿಂದಿನ ಒಂದು ವರ್ಷದೊಳಗೆ ಪಡೆದವರು ಆತ್ಮಹತ್ಯೆಯಿಂದ ತೀರಿಕೊಂಡರೆ, ಅವರನ್ನು ನೋಡಿಕೊಳ್ಳುತ್ತಿದ್ದ ವೈದ್ಯರಿಂದ ಗೋಪ್ಯವಾಗಿ ವಿವರ ಕೇಳಿ ತರಿಸಿಕೊಳ್ಳುತ್ತಾರೆ. ಯಾರನ್ನೂ ದಂಡಿಸುವುದು ಅದರ ಉದ್ದೇಶವಲ್ಲ. ಸಾವಿರಾರು ಸಾವುಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಸಂಗತಿ ಮತ್ತೆ ಮತ್ತೆ ಎದ್ದು ಕಂಡಿತು: ಆಸ್ಪತ್ರೆಯಿಂದ ಮನೆಗೆ ಹೋದ ಮೊದಲ ಒಂದೆರಡು ವಾರಗಳೇ, ಅವುಗಳಲ್ಲಿಯೂ ಮೊದಲ ಕೆಲವು ದಿನಗಳೇ ಎಲ್ಲಕ್ಕಿಂತ ಅಪಾಯದ ಕಾಲ. ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ವಾರ್ಡಿನಲ್ಲಿ ಹಗಲೂ ರಾತ್ರಿ ಯಾರಾದರೂ ಬಳಿಯಲ್ಲಿದ್ದರು. ಮನೆಗೆ ಬಂದೊಡನೆ ಕಾಯಿಲೆಗೆ ಮುಂಚೆ ಇದ್ದ ಸಾಲ, ಸೋತ ಪರೀಕ್ಷೆ, ಮುರಿದ ಮಾತು, ಬೀದಿಯವರ ಪಿಸುನುಡಿ, ಎಲ್ಲವೂ ಇದ್ದಲ್ಲಿಯೇ ಕಾದು ಕುಳಿತಿವೆ. ಮನೆಯವರು 'ಗುಣವಾಯಿತು' ಎಂದು ನೆಮ್ಮದಿಯಾಗಿದ್ದಾರೆ. ಹಾಗೆ ನೆಮ್ಮದಿಯಾಗಿರುವವರ ಮುಂದೆ 'ನನಗೆ ಇನ್ನೂ ಗುಣವಾಗಿಲ್ಲ' ಎನ್ನುವುದು ಎಷ್ಟು ಕಷ್ಟ!

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನ ತಂದೆ ನನ್ನ ಮನೆಗೆ ಬಂದಿದ್ದರು. ಹುಡುಗ ಮೂರು ವಾರ ಒಂದು ಆಸ್ಪತ್ರೆಯಲ್ಲಿದ್ದು ಊರಿಗೆ ಹಿಂದಿರುಗಿ, ಐದನೆಯ ದಿನ ತೀರಿಕೊಂಡಿದ್ದ. ಆಸ್ಪತ್ರೆಯವರು ಕೊಟ್ಟ ಚೀಟಿಯನ್ನು ಜೇಬಿನಿಂದ ತೆಗೆದು ನನ್ನ ಕೈಗಿತ್ತು, "ಮೇಷ್ಟ್ರೇ, ಇದರಲ್ಲಿ ಬರೆದಿರೋದನ್ನ ನಾನು ಏನಾದ್ರೂ ಬಿಟ್ಟಿದೀನಾ, ಓದಿ ಹೇಳಿ" ಎಂದರು. ಚೀಟಿ ಇಂಗ್ಲಿಷಿನಲ್ಲಿತ್ತು. ಎರಡು ಸಲ ಓದಿದೆ. ಕಾಯಿಲೆಯ ಹೆಸರು, ಮೂರು ಮಾತ್ರೆಗಳ ಹೆಸರು, ಹೊತ್ತು; ಕಡೆಯಲ್ಲಿ, ಒಂದು ತಿಂಗಳ ಮೇಲೆ ಬಂದು ತೋರಿಸುವುದು. ಅಷ್ಟೇ. ಮಾತ್ರೆಗಳನ್ನು ಅವರು ಹೊತ್ತುಹೊತ್ತಿಗೆ ಕೊಟ್ಟಿದ್ದರು. ಅವರು ಬಿಟ್ಟದ್ದು ಏನೂ ಇರಲಿಲ್ಲ, ಹಾಗೆಂದು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಚೀಟಿಯನ್ನು ಮಡಿಸಿಕೊಂಡು ಎದ್ದು ಹೋದರು.

ಆ ಚೀಟಿಯಲ್ಲಿ ಸುಳ್ಳು ಒಂದೂ ಇರಲಿಲ್ಲ. ಮಾತ್ರೆಗಳೂ ಸರಿಯಾದವೇ ಎಂದು ಬಲ್ಲವರು ಹೇಳಿದರು. ಯಾವ ನ್ಯಾಯಾಲಯದ ಮುಂದೆಯೂ ಅದು ತಪ್ಪಿನ ಕಾಗದವಾಗಿ ನಿಲ್ಲಲಾರದು. ಆದರೆ ಒಂದು ತಿಂಗಳು ಎಂದು ಬರೆದ ಆ ಗೆರೆಯೊಳಗೆ ಅತ್ಯಂತ ಅಪಾಯದ ವಾರವಿಡೀ ಮುಚ್ಚಿಹೋಗಿತ್ತು. ಆ ವಾರದಲ್ಲಿ ಏನನ್ನು ಗಮನಿಸಬೇಕು, ಗಮನಿಸಿದರೆ ಯಾರಿಗೆ ತಿಳಿಸಬೇಕು ಎಂಬುದನ್ನು ಆ ತಂದೆಗೆ ಯಾರೂ ಹೇಳಿರಲಿಲ್ಲ.

ಮುಂಚಿತವಾಗಿ ತಿಳಿಯುವುದು ಸಾಧ್ಯವಿತ್ತೇ ಎಂದು ವೈದ್ಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮ್ಯಾಂಚೆಸ್ಟರಿನ ವಿಚಾರಣೆಯಲ್ಲಿಯೇ, ತೀರಿಕೊಂಡವರಲ್ಲಿ ಬಹುಮಂದಿಯನ್ನು ಕಡೆಯ ಭೇಟಿಯಲ್ಲಿ 'ಅಪಾಯ ಕಡಿಮೆ' ಎಂದೇ ಎಣಿಸಲಾಗಿತ್ತು. ಪ್ರಶ್ನೆಗಳಿಗೆ ಅಂಕ ಕೊಟ್ಟು ಭವಿಷ್ಯ ನುಡಿಯುವ ಪಟ್ಟಿಗಳನ್ನು ನೆಚ್ಚಕೂಡದೆಂದು 2022ರಲ್ಲಿ ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯೇ ಹೇಳಿತು. ಯಾರು ಎಂದು ಮುಂಚಿತವಾಗಿ ಹೇಳಲಾಗದು, ನಿಜ. ಯಾವಾಗ ಎಂಬುದು ಮಾತ್ರ ತಿಳಿದಿದೆ. ಯಾರೆಂದು ತಿಳಿಯದಿದ್ದಮೇಲೆ ಎಲ್ಲರನ್ನೂ ಆ ವಾರದಲ್ಲಿ ಒಮ್ಮೆ ಮಾತನಾಡಿಸುವುದೇ ದಾರಿ. ಇಂಗ್ಲೆಂಡಿನಲ್ಲಿ ಈಗ ವಾರ್ಡಿನಿಂದ ಹೊರಹೋದವರನ್ನು 72 ಗಂಟೆಗಳೊಳಗೆ ವಿಚಾರಿಸಬೇಕೆಂಬ ಕ್ರಮವಿದೆ.

ಹೀಗೆ ವಿಚಾರಿಸುವುದರಿಂದ ಏನು ಪ್ರಯೋಜನವೆಂದು ತಿಳಿಯಲು ಎರಡು ಪ್ರಯೋಗಗಳನ್ನು ನೋಡಬೇಕು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೆರೋಮ್ ಮೋಟೋ ಎಂಬ ಮನೋವೈದ್ಯರಿದ್ದರು. ಖಿನ್ನತೆಯಿಂದಲೋ ಸಾಯುವ ಯೋಚನೆಯಿಂದಲೋ ಆಸ್ಪತ್ರೆ ಸೇರಿ, ಹೊರಬಂದಮೇಲೆ ಮತ್ತೆ ಚಿಕಿತ್ಸೆ ಬೇಡವೆಂದ 843 ಮಂದಿಯನ್ನು ಅವರು ಎರಡು ಪಾಲು ಮಾಡಿದರು. ಒಂದು ಪಾಲಿನವರಿಗೆ ಐದು ವರ್ಷ ಕಾಲ ಆಗಾಗ್ಗೆ ಒಂದು ಪುಟ್ಟ ಕಾಗದ ಹೋಗುತ್ತಿತ್ತು. ಅದರಲ್ಲಿ ಉಪದೇಶವಿಲ್ಲ, ಔಷಧದ ಮಾತಿಲ್ಲ, ಬನ್ನಿರೆಂಬ ಒತ್ತಾಯವಿಲ್ಲ. ನಿಮ್ಮ ನೆನಪು ನಮಗಿದೆ, ಬರೆಯಬೇಕೆನಿಸಿದರೆ ಬರೆಯಿರಿ ಎಂಬ ಧಾಟಿಯ ಎರಡು ಮಾತು. ಕಾಗದ ಪಡೆದವರಲ್ಲಿ ಆತ್ಮಹತ್ಯೆ ಕಡಿಮೆಯಾಯಿತು. ಮೊದಲೆರಡು ವರ್ಷಗಳಲ್ಲಿ ಆ ವ್ಯತ್ಯಾಸ ಸ್ಪಷ್ಟವಾಗಿತ್ತು. ಅಕ್ಷರವನ್ನೇ ನಂಬಿ ಬದುಕುವ ನನ್ನಂಥವನಿಗೆ ಇದನ್ನು ಓದಿದಾಗ ಆದ ಸಂತೋಷವನ್ನು ಮುಚ್ಚಿಡಲಾರೆ.

ಎರಡನೆಯದು ನಮಗೆ ಹತ್ತಿರದ್ದು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ನಮ್ಮ ಚೆನ್ನೈಯೂ ಸೇರಿತ್ತು. ಪ್ರಾಣ ಕಳೆದುಕೊಳ್ಳಲು ಯತ್ನಿಸಿ ತುರ್ತು ಚಿಕಿತ್ಸೆಗೆ ಬಂದಿದ್ದ 1,867 ಮಂದಿಯಲ್ಲಿ ಒಂದು ಭಾಗಕ್ಕೆ ಆಸ್ಪತ್ರೆಯಿಂದ ಹೊರಡುವಾಗ ಸುಮಾರು ಒಂದು ಗಂಟೆಯ ಮಾತು, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನಿನಲ್ಲಿಯೋ ಮನೆಗೆ ಹೋಗಿಯೋ ವಿಚಾರಣೆ. ವಿಚಾರಿಸಿಕೊಂಡವರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ನೂರಕ್ಕೆ 0.2, ಎಂದಿನ ಚಿಕಿತ್ಸೆಯಷ್ಟೇ ದೊರೆತವರಲ್ಲಿ 2.2. ಮುಂದೆ ಬೇರೆಡೆಗಳಲ್ಲಿ ನಡೆದ ಇಂಥ ಪರೀಕ್ಷೆಗಳ ಫಲ ಒಂದೇ ಸಮನಾಗಿ ಬಂದಿಲ್ಲವೆಂಬುದನ್ನೂ ಹೇಳಬೇಕು. ಆದರೂ ಇಷ್ಟು ಸುಲಭವೆಚ್ಚದ ಉಪಾಯ ವೈದ್ಯದಲ್ಲಿ ಇನ್ನೊಂದಿದ್ದರೆ ನಾನು ಕಾಣೆ.

ನಮ್ಮಲ್ಲಿ ಕಾನೂನಿನ ಕೊರತೆಯಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯ 98ನೆಯ ಕಲಮಿನ ಪ್ರಕಾರ, ರೋಗಿಯನ್ನು ಕಳುಹಿಸುವ ಮುನ್ನ ವೈದ್ಯರು ರೋಗಿಯೊಡನೆ, ಅವನನ್ನು ಮನೆಯಲ್ಲಿ ನೋಡಿಕೊಳ್ಳುವವರೊಡನೆ, ಮುಂದೆ ಚಿಕಿತ್ಸೆ ಮಾಡುವ ವೈದ್ಯರೊಡನೆ ಸಮಾಲೋಚಿಸತಕ್ಕದ್ದು. ಅದೇ ಕಾಯಿದೆಯ 115ನೆಯ ಕಲಮು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಸಂಕಟದಲ್ಲಿದ್ದವರೆಂದೇ ಭಾವಿಸಬೇಕೆನ್ನುತ್ತದೆ. ಕಾಯಿದೆ ಒಳ್ಳೆಯದೇ. ಆದರೆ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದ ದೇಶದಲ್ಲಿ, ಹೊರಗೆ ಸಾಲು ಬೆಳೆಯುತ್ತಿರುವಾಗ, ಸಮಾಲೋಚನೆಯೆಂಬುದು ಒಂದು ರುಜುವಾಗಿ ಕುಗ್ಗುತ್ತದೆ. ನಾನು ವೈದ್ಯರನ್ನು ದೂರುತ್ತಿಲ್ಲ. ಒಬ್ಬ ರೋಗಿಯನ್ನು ಕಳೆದುಕೊಂಡ ಮನೋವೈದ್ಯರು ವರ್ಷಗಟ್ಟಲೆ ಅದನ್ನು ಎದೆಯಲ್ಲಿ ಹೊತ್ತು ತಿರುಗಿದ್ದನ್ನು ಬಲ್ಲೆ. ದೂರುವ ಪದ್ಧತಿಯೇ ಇಲ್ಲಿ ನಮ್ಮ ಶತ್ರು. ಸಾವು ಸಂಭವಿಸಿದೊಡನೆ ಮನೆಯವರು ವಕೀಲರತ್ತ, ಆಸ್ಪತ್ರೆಯವರು ಕಡತದತ್ತ ಓಡಿದರೆ, ಸತ್ತವನಿಂದ ಬದುಕಿರುವವರು ಕಲಿಯಬೇಕಾದುದು ಹಾಗೆಯೇ ಉಳಿಯುತ್ತದೆ. ಇಂಥ ಸಾವಿನ ತರುವಾಯ ಎಲ್ಲ ಬಗೆಯ ಸಿಬ್ಬಂದಿ ಕೂಡಿ ಪರಾಮರ್ಶಿಸಿ, ಕಂಡುಕೊಂಡದ್ದನ್ನು ಮನೆಯವರಿಗೂ ತಿಳಿಸುವ ಕ್ರಮವನ್ನಿಟ್ಟುಕೊಂಡ ಸೇವೆಗಳಲ್ಲಿ ಆತ್ಮಹತ್ಯೆ ಇಳಿದುದನ್ನು ಮ್ಯಾಂಚೆಸ್ಟರಿನವರು 2012ರಲ್ಲಿ ವರದಿಮಾಡಿದರು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇದೆ, ಧಾರವಾಡದ ಹಳೆಯ ಮಾನಸಿಕ ಆಸ್ಪತ್ರೆ ಇದೆ, ಜಿಲ್ಲಾ ಆಸ್ಪತ್ರೆಗಳಿವೆ. ಯಾರ ಹೆಸರನ್ನೂ ಕೇಳದ ಅಂಥದೊಂದು ವಿಚಾರಣೆಯನ್ನು ಇಲ್ಲಿ ಆರಂಭಿಸಲು ಅಡ್ಡಿ ಏನು?

ಅದು ಸರ್ಕಾರದ ಕೆಲಸ, ತಡವಾದೀತು. ತಡಮಾಡದೆ ಆಗಬಹುದಾದುದು ಒಂದಿದೆ. ಆಸ್ಪತ್ರೆಯ ಚೀಟಿಯ ಬೆನ್ನಿಗೆ ಕನ್ನಡದಲ್ಲಿ ಐದಾರು ಸಾಲು: ಈ ವಾರ ರೋಗಿಯನ್ನು ಒಂಟಿಯಾಗಿ ಬಿಡಬೇಡಿ, ಮಾತ್ರೆಗಳು ಮನೆಯ ಹಿರಿಯರ ಕೈಯಲ್ಲಿರಲಿ, ನಿದ್ದೆ ಕೆಟ್ಟರೆ, ತಳಮಳ ಹೆಚ್ಚಿದರೆ, ಸಾವಿನ ಮಾತೆತ್ತಿದರೆ ಆ ದಿನವೇ ತಿಳಿಸಿ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಮೂರು ದಿನದೊಳಗೆ ನಾವೇ ನಿಮಗೆ ಫೋನು ಮಾಡುತ್ತೇವೆ, ನಡುರಾತ್ರಿಯಾದರೂ 14416ಕ್ಕೆ ಕರೆಮಾಡಬಹುದು. ಕಡೆಯದು 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ. ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು. ಈ ಸಾಲುಗಳನ್ನು ಮನೋವೈದ್ಯರು ತಿದ್ದಿಕೊಡಲಿ. ಹಳ್ಳಿಯ ತಂದೆತಾಯಿಗೆ ಒಂದೇ ಓದಿಗೆ ತಿಳಿಯುವಂಥ ಕನ್ನಡದಲ್ಲಿ ಬರೆದುಕೊಡುವುದು ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳಿಗೆ ಒಂದು ವಾರದ ಕೆಲಸ. ಯಾವ ಆಸ್ಪತ್ರೆ ಕೇಳಿದರೂ ಮಾಡಿಕೊಡಲು ನಾನೂ ನನ್ನ ಸಹೋದ್ಯೋಗಿಗಳೂ ಸಿದ್ಧರಿದ್ದೇವೆ.