ನಕ್ಷತ್ರಗಳ ಲೆಕ್ಕ

ಬೇಸಿಗೆ ಬಂತೆಂದರೆ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಕೇಳುವ ಪ್ರಶ್ನೆ ಒಂದೇ: ಐದು ನಕ್ಷತ್ರದ ಏಸಿಯನ್ನೇ ಕೊಳ್ಳಬೇಕೇ? ನಕ್ಷತ್ರವೆಂಬುದು ಯಂತ್ರದ ಬಾಳಿಕೆಗೆ ಕೊಟ್ಟ ಪ್ರಶಸ್ತಿಯೆಂದು ಅನೇಕರು ಭಾವಿಸಿದ್ದಾರೆ. ಅದು ಅಳೆಯುವುದು ವಿದ್ಯುತ್ತಿನ ಮಿತವ್ಯಯವನ್ನು ಮಾತ್ರ.

ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಈ ಪದ್ಧತಿಯನ್ನು ಆರಂಭಿಸಿತು. ಹೊರಗಿನ ಉಷ್ಣತೆ 24ರಿಂದ 43 ಡಿಗ್ರಿ, ಬಳಕೆ ವರ್ಷಕ್ಕೆ 1600 ಗಂಟೆ ಎಂದಿಟ್ಟುಕೊಂಡು, ಯಂತ್ರವು ಕೋಣೆಯಿಂದ ಹೊರತೆಗೆಯುವ ಶಾಖವನ್ನು ಅದು ನುಂಗುವ ವಿದ್ಯುತ್ತಿನಿಂದ ಭಾಗಿಸುತ್ತಾರೆ. 2018ರಲ್ಲಿ ಭಾಗಲಬ್ಧ 4.5 ಇದ್ದರೆ ಐದು ನಕ್ಷತ್ರ ದೊರೆಯುತ್ತಿತ್ತು. 2022ರ ಜುಲೈಯಿಂದ 5.0 ಬೇಕಾಯಿತು; ಅದೇ ಯಂತ್ರ ನಾಲ್ಕಕ್ಕೆ ಇಳಿಯಿತು. ತೇರ್ಗಡೆಯ ಅಂಕವನ್ನು ಏರಿಸಿದಂತೆ! ಇದು ನನಗೆ ಮೆಚ್ಚುಗೆಯೇ. ಆದರೆ ಚೀಟಿಯ ಮೇಲಿನ ವರ್ಷವನ್ನು ಓದದೆ ನಕ್ಷತ್ರ ಎಣಿಸುವುದು ವ್ಯರ್ಥ.

ನನ್ನ ತಕರಾರು ಆ 1600 ಗಂಟೆಯ ಬಗ್ಗೆ. ಕಲಬುರಗಿಯ ಮನೆಗೂ ಮಡಿಕೇರಿಯ ಮನೆಗೂ ಅದೊಂದೇ ಅಳತೆಗೋಲು. ಮೈಸೂರಿನಲ್ಲಿ ಎರಡು ತಿಂಗಳು, ರಾತ್ರಿ ಏಳು ಗಂಟೆಯಷ್ಟು ಓಡಿಸಿದರೆ ಆಗುವುದು 420 ಗಂಟೆ; ಚೀಟಿ ತೋರಿಸುವ ಉಳಿತಾಯದಲ್ಲಿ ಕೈಗೆ ದಕ್ಕುವುದು ಹೆಚ್ಚುಕಡಿಮೆ ಕಾಲುಭಾಗ. ಅಂಥವರಿಗೆ ಮೂರು ನಕ್ಷತ್ರ ಧಾರಾಳವಾಯಿತು. ರೆಫ್ರಿಜರೇಟರಿನ ಮಾತು ಬೇರೆ: ಅದು ಹಗಲಿರುಳೂ ವಿದ್ಯುತ್ ಬೇಡುವಂಥದು. ಅಲ್ಲಿ ಮಾತ್ರ ಕೈ ಬಿಗಿಹಿಡಿಯಬೇಡಿ.